ಬೂದಿಯಲ್ಲಿ ಸಿಕ್ಕ ಪಡಿಯಚ್ಚು

‘ದೇವರಿದ್ದಾನೆ, ಬಿಡಿ’ ಎಂಬ ಮಾತು ಕೇಳಿಬಾರದ ಕನ್ನಡ ಮನೆ ಯಾವುದಾದರೂ ಉಂಟೆ? ಮಗನಿಗೆ ಕೆಲಸ ಸಿಕ್ಕಲಿಲ್ಲವೆಂದರೆ ದೇವರಿದ್ದಾನೆ. ಊರಿನಲ್ಲಿ ಮಳೆ ಹಿಡಿಯಲಿಲ್ಲವೆಂದರೆ ದೇವರಿದ್ದಾನೆ. ವೈದ್ಯರು ಪರೀಕ್ಷೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ‘ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ’ ಎಂದರೂ ದೇವರಿದ್ದಾನೆ. ಊರು ಬಿಟ್ಟು ಇಷ್ಟು ದೂರ ಬಂದು ಹೂಗ್ಲಿಯ ದಡದಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗಂತೂ ಈ ಮಾತು ಉಪ್ಪಿನಷ್ಟೇ ಅವಶ್ಯವಾದ ಪದಾರ್ಥ. ವರ್ಗಾವಣೆಯ ಹುಕುಂ ಯಾವಾಗ ಬರುವುದೋ, ಬಾಡಿಗೆಯ ಮನೆಯ ಯಜಮಾನರು ಯಾವಾಗ ಮನಸ್ಸು ಬದಲಿಸುವರೋ, ನಡುರಾತ್ರಿ ಫೋನು ಬಾರಿಸಿದರೆ ಅದು ಊರಿನಲ್ಲಿರುವ ಯಾರ ಸುದ್ದಿಯೋ, ಬಲ್ಲವರಾರು?

ಆದರೆ ಈ ಮಾತನ್ನು ಆಡುವಾಗ ನಮ್ಮ ಮನಸ್ಸಿನಲ್ಲಿ ಇರುವುದೇನು? ‘ದೇವರಿದ್ದಾನೆ, ಆದಕಾರಣ ಎಲ್ಲವೂ ನಮಗೆ ಬೇಕಾದಂತೆಯೇ ಆಗುವುದು’ ಎಂದೇ? ಹಾಗಾದರೆ ಬೇಕಾದಂತೆ ಆಗದಿದ್ದ ದಿನ ದೇವರು ಎಲ್ಲಿಗೆ ಹೋದನು? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ಕಡಮೆ; ಒಳಗೇ ಕೇಳಿಕೊಂಡು ನೋಯುವವರು ಬಹಳ. ಈ ಸಂಚಿಕೆಯಲ್ಲಿ ಅದನ್ನು ವಾಚಕರ ಮುಂದಿಡೋಣವೆಂದು ನಮ್ಮ ಮನಸ್ಸು. ನಾವು ಕ್ರೈಸ್ತರು; ನಮಗೆ ದೊರೆತಿರುವ ದಾರಿಯಿಂದಲೇ ಮಾತನಾಡಬಲ್ಲೆವು. ನಮ್ಮ ಸಂಘದಲ್ಲಿ ಬೇರೆ ಬೇರೆ ದಾರಿಗಳಲ್ಲಿ ನಡೆಯುವವರಿದ್ದಾರೆ. ಅವರಿಗೂ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬಂದೀತೆಂದು ನಂಬಿದ್ದೇವೆ.

ಅನಿಶ್ಚಯದ ವಿಚಾರವನ್ನು ಬಾರಾನಗರದಲ್ಲಿ ಕುಳಿತು ಆಲೋಚಿಸುವುದು ಒಂದು ವಿಧದಲ್ಲಿ ಬಹಳ ಯೋಗ್ಯವಾಗಿದೆ. ಏಕೆಂದರೆ ಅನಿಶ್ಚಯವನ್ನು ಅಳೆಯುವುದನ್ನೇ ಕಸುಬಾಗಿ ಉಳ್ಳ ಒಂದು ದೊಡ್ಡ ಸಂಸ್ಥೆ ನಮ್ಮ ಬಾರಕ್‌ಪುರ ಟ್ರಂಕ್ ರಸ್ತೆಯ ಮೇಲೆಯೇ ಇದೆ. 1931ರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಅದು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾಯರು 1941ರಲ್ಲಿ ಈ ಸಂಸ್ಥೆಯನ್ನು ಸೇರಿ, ದಶಕಗಳ ಕಾಲ ಅಲ್ಲಿ ದುಡಿದು ಲೋಕವಿಖ್ಯಾತರಾದರು. 2023ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸಾವಿರ ಮನೆಗಳಲ್ಲಿ ಇಷ್ಟು ಮನೆಗಳಿಗೆ ಇಂಥ ರೋಗ ಬರಬಹುದು, ಇಷ್ಟು ಎಕರೆಯಲ್ಲಿ ಇಷ್ಟು ಸೆಣಬು ಬೆಳೆಯಬಹುದು ಎಂದು ಈ ಶಾಸ್ತ್ರ ಬಹಳ ಮಟ್ಟಿಗೆ ಸರಿಯಾಗಿ ಹೇಳಬಲ್ಲದು. ಅದು ಸಣ್ಣ ಉಪಕಾರವಲ್ಲ. ಸರಕಾರಗಳೂ ಆಸ್ಪತ್ರೆಗಳೂ ಅದನ್ನು ನಂಬಿ ನಡೆಯುತ್ತವೆ, ನಡೆಯಬೇಕು. ಆದರೆ ಆ ಸಾವಿರದಲ್ಲಿ ರೋಗ ಬರುವ ಮನೆ ನಮ್ಮದೋ ಪಕ್ಕದವರದೋ ಎಂಬುದನ್ನು ಯಾವ ಶಾಸ್ತ್ರವೂ ಹೇಳಲಾರದು. ಲೆಕ್ಕ ಮುಗಿದ ಮೇಲೂ ಉಳಿಯುವ ಆ ಒಂದು ಕತ್ತಲೆ ಇದೆಯಲ್ಲ, ಮನುಷ್ಯ ಬದುಕಬೇಕಾದದ್ದು ಅಲ್ಲಿ. ನಂಬಿಕೆ ಬೇಕಾದದ್ದೂ ಅಲ್ಲಿ.

ಈಗ ನಮ್ಮ ನದಿಯ ಕಡೆಗೆ ತಿರುಗೋಣ. 1801ನೆಯ ಇಸವಿಯಿಂದ ಸುಮಾರು ಮೂವತ್ತು ವರ್ಷಗಳ ಕಾಲ, ವಾರಕ್ಕೆ ಎರಡು ಸಲ, ಒಂದು ದೋಣಿ ಬಾರಾನಗರದ ಘಾಟುಗಳ ಮುಂದೆ ಹಾದುಹೋಗುತ್ತಿತ್ತು. ಅದರಲ್ಲಿ ಕುಳಿತು ಪುಸ್ತಕ ಓದುತ್ತಿದ್ದವರು ವಿಲಿಯಂ ಕೇರಿ. ಶ್ರೀರಾಂಪುರದಲ್ಲಿ ಅವರ ಮನೆ, ಅಚ್ಚುಕೂಟ, ಸಭೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳನ್ನು ಕಲಿಸುವ ಉದ್ಯೋಗ. ಮಂಗಳವಾರ ಹೊಳೆಯಿಳಿದು ಬಂದು ಶುಕ್ರವಾರ ಮರಳಿ ಹೋಗುವುದು ಅವರ ಪದ್ಧತಿ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ 1761ರಲ್ಲಿ ಹುಟ್ಟಿ, ಜೋಡು ಹೊಲಿಯುವ ಕೆಲಸ ಕಲಿತು, ಆ ಚರ್ಮದ ಚೂರುಗಳ ನಡುವೆಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತುಕೊಂಡು, 1793ರ ನವೆಂಬರ್ ತಿಂಗಳಲ್ಲಿ ಸಂಸಾರ ಸಮೇತ ಬಂಗಾಳಕ್ಕೆ ಬಂದಿಳಿದ ಮನುಷ್ಯ ಅವರು. ಬಂಗಾಳಿ ಗದ್ಯಕ್ಕೆ ಅವರೂ ಅವರ ಪಂಡಿತರೂ ಮಾಡಿದ ಸೇವೆಯನ್ನು ನಮ್ಮ ನೆರೆಯ ಬಂಗಾಳಿ ಬಂಧುಗಳು ಚೆನ್ನಾಗಿ ಬಲ್ಲರು. ಅವರು ಕನ್ನಡಕ್ಕೂ ದುಡಿದರೆಂಬುದನ್ನು ಮಾತ್ರ ನಮ್ಮವರಲ್ಲಿ ಅನೇಕರು ಮರೆತಿದ್ದಾರೆ.

ಹೌದು, ಕಾವೇರಿ ತುಂಗಭದ್ರೆಗಳನ್ನು ಕಾಣದ ಆ ಮನುಷ್ಯ, ಹೂಗ್ಲಿಯ ದಡದಲ್ಲಿ ಕುಳಿತು ಕನ್ನಡವನ್ನು ಕಲಿತು, ಹೊಸ ಒಡಂಬಡಿಕೆಯನ್ನು ನಮ್ಮ ಭಾಷೆಗೆ ತರ್ಜುಮೆ ಮಾಡಿದ್ದರು. 1812ರ ಮೊದಲ ತಿಂಗಳುಗಳಲ್ಲಿ ಅದರ ಹಸ್ತಪ್ರತಿ ಶ್ರೀರಾಂಪುರದ ಅಚ್ಚುಕೂಟದಲ್ಲಿತ್ತು.

ಆ ವರ್ಷದ ಮಾರ್ಚ್ 11, ಬುಧವಾರ. ಕೇರಿಯವರು ಎಂದಿನಂತೆ ಕಲ್ಕತ್ತೆಯಲ್ಲಿದ್ದರು. ಅಚ್ಚುಕೂಟದ ಮೇಲ್ವಿಚಾರಕರಾದ ವಿಲಿಯಂ ವಾರ್ಡರು ಸಂಜೆ ಲೆಕ್ಕಪತ್ರ ನೋಡುತ್ತಿದ್ದಾಗ, ಕಾಗದದ ದಾಸ್ತಾನು ಇದ್ದ ಕಡೆಯಿಂದ ಹೊಗೆಯೆದ್ದಿತು. ಉದ್ದನೆಯ ದೊಡ್ಡ ಕಟ್ಟಡ. ಒಳಗೆಲ್ಲ ಕಾಗದ, ಮಸಿ, ಮರದ ಸಾಮಾನು. ವಾರ್ಡರು ಬುದ್ಧಿವಂತರು. ಗಾಳಿ ಆಡಿದರೆ ಬೆಂಕಿ ಹಬ್ಬುವುದೆಂದು ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮಾಳಿಗೆಯ ಮೇಲೆ ಹತ್ತಿ, ಅಲ್ಲಿಂದ ತೂತು ಕೊರೆಸಿ ನೀರು ಸುರಿಸಿದರು. ಕೆಲವು ಗಂಟೆಗಳ ಕಾಲ ಬೆಂಕಿ ಹತೋಟಿಯಲ್ಲಿತ್ತು. ಅಷ್ಟರಲ್ಲಿ ಯಾರೋ ಒಬ್ಬರು, ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, ಕಿಟಕಿ ತೆರೆದುಬಿಟ್ಟರು. ಗಾಳಿ ನುಗ್ಗಿತು, ಜ್ವಾಲೆ ಎದ್ದಿತು. ನಡುರಾತ್ರಿಯ ಹೊತ್ತಿಗೆ ಮಾಳಿಗೆ ಕುಸಿದು ಬಿದ್ದಿತು. ದೇವರ ದಯದಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಬೆಳಗಾದ ಮೇಲೆ ಮಾರ್ಷ್‌ಮನ್ನರು ಕಲ್ಕತ್ತೆಗೆ ಬಂದು ಕೇರಿಯವರಿಗೆ ಸುದ್ದಿ ಹೇಳಿದರು. ಕೇಳಿ ಅವರಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲವಂತೆ. ನಷ್ಟವಾದದ್ದೇನೆಂದು ಎಣಿಸಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಪೂರ್ವದೇಶದ ಹದಿನಾಲ್ಕು ಭಾಷೆಗಳ ಅಚ್ಚಿನ ಮೊಳೆಗಳು ಕರಗಿ ಸೀಸದ ಮುದ್ದೆಗಳಾಗಿದ್ದವು. ಇಂಗ್ಲೆಂಡಿನಿಂದ ಬಂದ ಕಾಗದ ಬೂದಿಯಾಗಿತ್ತು. ಬಹುಭಾಷಾ ನಿಘಂಟಿಗಾಗಿ ವರ್ಷಗಟ್ಟಲೆ ಕೂಡಿಸಿದ್ದ ಬರಹ, ತೆಲುಗು ವ್ಯಾಕರಣ, ರಾಮಾಯಣದ ಭಾಷಾಂತರದ ಒಂದು ಭಾಗ, ಇವುಗಳ ಜೊತೆಗೆ ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿ, ಎಲ್ಲವೂ ಹೋಗಿದ್ದವು. ಹಣದ ನಷ್ಟ ಹಾಗಿರಲಿ; ಅದನ್ನು ಯಾರಾದರೂ ಕೊಟ್ಟಾರು. ಬರೆದ ಕೈಯ ಶ್ರಮವನ್ನು ಯಾರು ತಂದುಕೊಡಬೇಕು? ನಕಲು ಪ್ರತಿ ಇಲ್ಲದ ಕಾಲ ಅದು.

ಇಂಥ ಸಮಯದಲ್ಲಿಯೇ ‘ದೇವರಿದ್ದಾನೆ’ ಎಂಬ ಮಾತಿನ ಬೆಲೆ ಗೊತ್ತಾಗಬೇಕಾದದ್ದು. ದೇವರ ವಾಕ್ಯವನ್ನೇ ಅಚ್ಚು ಹಾಕುತ್ತಿದ್ದ ಮನೆ. ದೇವರ ಕೆಲಸಕ್ಕೆಂದೇ ಊರು ಬಿಟ್ಟು ಬಂದ ಜನ. ಅವರ ಮನೆಯೇ ಸುಟ್ಟರೆ ಬೇರೆಯವರ ಗತಿಯೇನು? ಕೇರಿಯವರು ಅನಂತರದ ಭಾನುವಾರ ಸಭೆಯಲ್ಲಿ ಬೋಧನೆಗೆ ನಿಂತಾಗ ತೆಗೆದುಕೊಂಡದ್ದು 46ನೆಯ ಕೀರ್ತನೆಯ ಒಂದು ವಚನವನ್ನು. ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ಹೆದರಬೇಕಾಗಿಲ್ಲವೆಂದು ಹೇಳುವ ಆ ಕೀರ್ತನೆಯು ಕೊನೆಯಲ್ಲಿ, ಸುಮ್ಮನಾಗಿ ದೇವರನ್ನು ದೇವರೆಂದು ಅರಿತುಕೊಳ್ಳಬೇಕೆಂದು ಬೋಧಿಸುತ್ತದೆ. ಕೇರಿಯವರು ಅದರಿಂದ ತೆಗೆದ ಅರ್ಥ ಎರಡು: ನಮ್ಮನ್ನೂ ನಮ್ಮ ಕೆಲಸವನ್ನೂ ತನಗೆ ಸರಿತೋರಿದಂತೆ ನಡೆಸುವ ಹಕ್ಕು ದೇವರಿಗುಂಟು, ಅದಕ್ಕೆ ಒಪ್ಪಿ ತಲೆಬಾಗುವುದು ನಮ್ಮ ಕರ್ತವ್ಯ. ಬೂದಿಯ ಮುಂದೆ ನಿಂತಾಗ ಅವರ ಕಣ್ಣಲ್ಲಿ ನೀರಿತ್ತೆಂದು ಕಂಡವರು ಬರೆದಿದ್ದಾರೆ. ತಲೆಬಾಗಿದವನು ಅಳಬಾರದೆಂದು ಎಲ್ಲಿಯೂ ಹೇಳಿಲ್ಲ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ‘ಸುಮ್ಮನಾಗು’ ಎಂಬ ಬೋಧೆ ಕೇಳಿದ ಆ ಜನ ಕೈಕಟ್ಟಿ ಸುಮ್ಮನೆ ಕುಳಿತರೆ? ಇಲ್ಲ. ವಾರ್ಡರು ಬೂದಿ ಆರುವ ಮೊದಲೇ ಅದನ್ನು ಕೆದಕಿಸುವುದಕ್ಕೆ ಪ್ರಾರಂಭಿಸಿದ್ದರು. ಅಲ್ಲಿ ಏನು ಸಿಕ್ಕಿತು? ಮೊಳೆಗಳು ಕರಗಿದ್ದವು ನಿಜ. ಆದರೆ ಮೊಳೆ ಎರಕ ಹೊಯ್ಯುವ ಪಡಿಯಚ್ಚುಗಳೂ ಅವನ್ನು ಒತ್ತುವ ಉಕ್ಕಿನ ಮುದ್ರೆಗಳೂ ಬೂದಿಯ ಕೆಳಗೆ ಕೆಡದೆ ಉಳಿದಿದ್ದವು. ಪಕ್ಕದ ಕೋಣೆಯಲ್ಲಿದ್ದ ಐದು ಅಚ್ಚಿನ ಯಂತ್ರಗಳೂ ಉಳಿದಿದ್ದವು. ಬಾಡಿಗೆಗೆ ಕೊಟ್ಟಿದ್ದ ಒಂದು ಉಗ್ರಾಣ ಆಗತಾನೆ ತೆರವಾಗಿತ್ತು. ಕರಗಿದ ಸೀಸವನ್ನೇ ಮತ್ತೆ ಕಾಯಿಸಿ, ಅದೇ ಪಡಿಯಚ್ಚುಗಳಲ್ಲಿ ಹೊಯ್ದು, ನಮ್ಮ ದೇಶದ ಕಮ್ಮಾರರೂ ಎರಕದವರೂ ಹಗಲಿರುಳು ದುಡಿದು, ಕೆಲವೇ ವಾರಗಳಲ್ಲಿ ಮತ್ತೆ ಅಚ್ಚು ಹಾಕುವ ಕೆಲಸ ನಡೆಯುವಂತೆ ಮಾಡಿದರು. ಅಕ್ಷರಗಳ ಮುದ್ರೆ ಕೊರೆಯುವ ಆ ವಿದ್ಯೆಯನ್ನು ಶ್ರೀರಾಂಪುರಕ್ಕೆ ತಂದುಕೊಟ್ಟವರು ಪಂಚಾನನ ಕರ್ಮಕಾರರು. ಅವರು ಅಷ್ಟರೊಳಗೆ ತೀರಿಕೊಂಡಿದ್ದರೂ ಅವರ ಅಳಿಯ ಮನೋಹರರ ಕೈಯಲ್ಲಿ ಆ ವಿದ್ಯೆ ಬಾಳುತ್ತಿತ್ತು. ಕೇರಿಯವರೋ, ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಹೆಚ್ಚು ಸುಲಭ, ಹೆಜ್ಜೆಯೂ ಹೆಚ್ಚು ಗಟ್ಟಿ ಎಂಬ ಭಾವದ ಮಾತನ್ನು ಸ್ವದೇಶಕ್ಕೆ ಬರೆದು, ಲೇಖನಿ ಹಿಡಿದು ಮೊದಲಿನಿಂದ ಕುಳಿತರು.

ನಮ್ಮಲ್ಲಿ ಹಣೆಬರಹವೆಂಬ ಒಂದು ಮಾತಿದೆ. ಬರೆದದ್ದು ಆಗಿಯೇ ತೀರುವುದು, ನಾವು ಮಾಡುವುದೇನಿದೆ ಎಂದು ಅದರ ತಾತ್ಪರ್ಯ. ಮೇಲುನೋಟಕ್ಕೆ ಅದೂ ನಂಬಿಕೆಯಂತೆಯೇ ಕಾಣುತ್ತದೆ. ಆದರೆ ಹಣೆಬರಹವೆನ್ನುವವನು ಬೂದಿಯನ್ನು ಕೆದಕುವುದಿಲ್ಲ. ಕೆದಕಿ ಪ್ರಯೋಜನವಿಲ್ಲವೆಂದು ಅವನು ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ. ದೇವರನ್ನು ನಂಬುವವನೂ ತೀರ್ಮಾನವನ್ನು ದೇವರಿಗೆ ಬಿಡುತ್ತಾನೆ. ಆದರೆ ಗುದ್ದಲಿಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳುತ್ತಾನೆ. ಯೇಸುಸ್ವಾಮಿಯವರು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಆಕಾಶದ ಹಕ್ಕಿಗಳನ್ನು ತೋರಿಸಿ, ಅವುಗಳನ್ನು ಸಾಕುವವನು ನಿಮ್ಮ ತಂದೆಯೆಂದು ಹೇಳಿದರು. ಆ ಹಕ್ಕಿಗಳಾದರೂ ಗೂಡಿನಲ್ಲಿ ಬಾಯಿ ತೆರೆದು ಕುಳಿತಿರುವುದಿಲ್ಲ. ಬಾರಾನಗರದ ಯಾವ ಮಾಳಿಗೆಯ ಮೇಲಾದರೂ ಬೆಳಗಿನ ಐದು ಗಂಟೆಗೆ ನಿಂತು ನೋಡಿದರೆ ಅವು ಎಷ್ಟು ದುಡಿಯುತ್ತವೆಂಬುದು ತಿಳಿಯುತ್ತದೆ. ಅವು ಮಾಡದಿರುವುದು ಒಂದೇ: ನಾಳೆಯ ಚಿಂತೆಯಿಂದ ಇಂದಿನ ಹಾರಾಟವನ್ನು ನಿಲ್ಲಿಸುವುದಿಲ್ಲ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಬಹಳ ಸೊಗಸಾಗಿರುತ್ತದೆ. ಅನಾಹುತದ ಸುದ್ದಿ ಆ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡನ್ನು ಮುಟ್ಟಿದಾಗ ಬಡವರೂ ಬಲ್ಲಿದರೂ ಕೊಟ್ಟ ಹಣ ಸುಮಾರು ಎರಡು ತಿಂಗಳಲ್ಲಿ ಹತ್ತು ಸಾವಿರ ಪೌಂಡಿನಷ್ಟಾಗಿ, ನಷ್ಟವೆಲ್ಲ ತುಂಬಿತು. ಬೆಂಕಿಯಿಂದಾಗಿ ಶ್ರೀರಾಂಪುರದ ಹೆಸರು ಹಿಂದೆಂದೂ ಕೇಳದವರ ಕಿವಿಗೂ ಬಿದ್ದಿತು. ‘ನೋಡಿದಿರಾ, ಕೆಟ್ಟದ್ದರಿಂದ ಒಳ್ಳೆಯದೇ ಆಯಿತು’ ಎಂದು ಪೂರ್ಣವಿರಾಮ ಹಾಕಬಹುದು. ಭಕ್ತಿಯ ಪುಸ್ತಕಗಳು ಸಾಮಾನ್ಯವಾಗಿ ಹಾಕುತ್ತವೆ. ಆದರೆ ಕೇರಿಯವರ ಬಾಳಿನಲ್ಲಿ ಹೀಗೆ ತುಂಬಿಬಾರದ ನಷ್ಟಗಳೂ ಇದ್ದವು. ಅವುಗಳನ್ನು ಮುಚ್ಚಿಟ್ಟು ನಂಬಿಕೆಯ ಮಾತಾಡುವುದು ನ್ಯಾಯವಲ್ಲ.

ಬಂಗಾಳಕ್ಕೆ ಬಂದ ಮರುವರ್ಷವೇ, 1794ರಲ್ಲಿ, ಅವರ ಐದು ವರ್ಷದ ಮಗ ಪೀಟರನು ಜ್ವರದಿಂದ ತೀರಿಕೊಂಡನು. ಹೂಳುವುದಕ್ಕೆ ಜನ ಸಿಕ್ಕುವುದೂ ಕಷ್ಟವಾಯಿತು. ಅವರ ಹೆಂಡತಿ ಡೊರೊಥಿಯವರು ಮೊದಲು ಈ ದೇಶಕ್ಕೆ ಬರಲು ಒಪ್ಪಿರಲಿಲ್ಲ. ಕೈಗೂಸನ್ನು ಎತ್ತಿಕೊಂಡು, ಹೊರಡುವ ಕೊನೆಯ ಗಳಿಗೆಯಲ್ಲಿ, ತಂಗಿಯೂ ಜೊತೆಗೆ ಬರುವುದಾದರೆ ಎಂದು ಹೊರಟ ತಾಯಿ ಆಕೆ. ಭಾಷೆ ತಿಳಿಯದ ಊರು, ರೋಗ, ಬಡತನ, ಮಗನ ಸಾವು, ಇವೆಲ್ಲ ಸೇರಿ ಆಕೆಯ ಮನಸ್ಸು ಕದಡಿಹೋಯಿತು. ಸುಮಾರು ಹನ್ನೆರಡು ವರ್ಷ ಆಕೆ ಬುದ್ಧಿಭ್ರಮೆಯಲ್ಲಿಯೇ ಬದುಕಿ 1807ರ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದರು. ಗಂಡ ಒಂದು ಕೋಣೆಯಲ್ಲಿ ದೇವರ ವಾಕ್ಯವನ್ನು ಭಾಷಾಂತರ ಮಾಡುತ್ತಿರುವಾಗ ಹೆಂಡತಿ ಪಕ್ಕದ ಕೋಣೆಯಲ್ಲಿ ನರಳುತ್ತಿದ್ದರು. ಹಿರಿಯ ಮಗ ಫೆಲಿಕ್ಸನು ಬರ್ಮಾ ದೇಶದಲ್ಲಿದ್ದಾಗ 1814ರಲ್ಲಿ ಇರಾವತಿ ನದಿಯಲ್ಲಿ ಅವನ ಹಡಗು ಮಗುಚಿತು. ಹೆಂಡತಿ ಮಕ್ಕಳು ನೀರುಪಾಲಾದರು; ಶ್ರೀರಾಂಪುರದಿಂದ ಸಾಗಿಸುತ್ತಿದ್ದ ಅಚ್ಚಿನ ಯಂತ್ರವೂ ಮುಳುಗಿತು. ಅವನು ಕಂಗೆಟ್ಟು ಹಲವು ವರ್ಷ ಅಲೆದಾಡಿ ಆಮೇಲೆ ಮನೆ ಸೇರಿದನು. ಈ ನಷ್ಟಗಳಿಗೆ ಯಾವ ಊರಿನವರು ಹಣ ಕೂಡಿಸಿ ತುಂಬಿಕೊಡಬಲ್ಲರು? ಇವುಗಳ ಬೂದಿಯಲ್ಲಿ ಯಾವ ಪಡಿಯಚ್ಚು ಸಿಕ್ಕೀತು?

ಡೊರೊಥಿಯವರ ವಿಷಯವನ್ನು ನಾವು ಬೇಕೆಂದೇ ಎತ್ತಿದ್ದೇವೆ. ‘ದೇವರಲ್ಲಿ ಭರವಸವಿಡು’ ಎಂದು ನಮಗೆ ನಾವೇ ಹೇಳಿಕೊಳ್ಳುವುದು ಒಂದು. ನೊಂದವರ ಬಾಯಿ ಮುಚ್ಚಿಸುವುದಕ್ಕಾಗಿ ಹೇಳುವುದು ಮತ್ತೊಂದು. ಮೊದಲನೆಯದು ಭಕ್ತಿ; ಎರಡನೆಯದು ಕ್ರೌರ್ಯ. ಗಂಡನ ಉದ್ಯೋಗದ ನಿಮಿತ್ತ ಊರು, ತೌರು, ಗೆಳತಿಯರು, ತಮ್ಮದೇ ಉದ್ಯೋಗ, ಎಲ್ಲವನ್ನೂ ಬಿಟ್ಟು ಇಲ್ಲಿಗೆ ಬಂದಿರುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅವರು ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ, ನಿದ್ರೆಯಿಲ್ಲದೆ ರಾತ್ರಿಯೆಲ್ಲ ಕುಳಿತರೆ, ‘ಪ್ರಾರ್ಥನೆ ಸಾಲದು’ ಎಂದು ಬುದ್ಧಿ ಹೇಳುವುದು ಪಾಪವೇ ಸರಿ. ಅವರ ಪಕ್ಕದಲ್ಲಿ ಕುಳಿತು ಕೇಳಬೇಕು. ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಡೊರೊಥಿಯವರ ಕಾಲದಲ್ಲಿ ಮನಸ್ಸಿನ ರೋಗಕ್ಕೆ ಮದ್ದಿರಲಿಲ್ಲ. ನಮ್ಮ ಕಾಲದಲ್ಲಿ ಇದೆ. ಮದ್ದನ್ನು ಕೊಟ್ಟವನೂ ದೇವರೇ ಎಂದು ನಂಬಿದರೆ ತಪ್ಪೇನು?

ಹಾಗಾದರೆ ನಂಬಿಕೆಯಿಂದ ಆಗುವ ಲಾಭವೇನೆಂದು ಕೇಳಬಹುದು. ಗೆತ್ಸೇಮನೆಯ ತೋಟದಲ್ಲಿ ಸ್ವತಃ ಯೇಸುಸ್ವಾಮಿಯವರೇ ಆ ಕಹಿಯ ಪಾತ್ರೆ ತಮ್ಮಿಂದ ದಾಟಿಹೋಗಲೆಂದು ಬೇಡಿದರು. ಅದು ದಾಟಿಹೋಗಲಿಲ್ಲ. ಬೇಡಿದ್ದು ಆಗಲಿಲ್ಲವೆಂಬ ನೋವನ್ನು ಕ್ರೈಸ್ತನು ತನ್ನ ಪ್ರಭುವಿನ ಬಾಳಿನಲ್ಲಿಯೇ ಕಾಣುತ್ತಾನೆ. ಆದ್ದರಿಂದ ‘ನಂಬಿದರೆ ಕೇಡು ಬಾರದು’ ಎಂದು ಹೇಳುವ ಹಕ್ಕು ನಮಗಿಲ್ಲ. ‘ಕೇಡು ಬಂದಾಗ ನಾವು ಒಂಟಿಯಲ್ಲ’ ಎಂದಷ್ಟೇ ನಾವು ಹೇಳಬಲ್ಲೆವು. ಈ ಎರಡು ಮಾತುಗಳಿಗೂ ಅಜಗಜಾಂತರವಿದೆ. ಮೊದಲನೆಯದನ್ನು ನಂಬಿದವನ ನಂಬಿಕೆ ಒಂದು ಜ್ವರಕ್ಕೆ, ಒಂದು ಬೆಂಕಿಗೆ ಮುರಿದು ಬೀಳುತ್ತದೆ. ಎರಡನೆಯದನ್ನು ನಂಬಿದವನು ಬೂದಿಯ ಮುಂದೆ ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಲೇಖನಿ ಹಿಡಿಯಬಲ್ಲನು.

ಆ ಲೇಖನಿಯಿಂದ ನಮ್ಮ ಕನ್ನಡಕ್ಕೆ ಆದದ್ದೇನು? 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾಯಿತು. ಸುಟ್ಟುಹೋದ ಹೊಸ ಒಡಂಬಡಿಕೆಯನ್ನು ಮತ್ತೆ ಸಿದ್ಧಪಡಿಸಿ 1820ರ ದಶಕದ ಮೊದಲ ಭಾಗದಲ್ಲಿ ಅಚ್ಚು ಹಾಕಿಸಿದರು. ಆದರೆ ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು, ಕನ್ನಡ ನಾಡಿನ ನಡುವೆಯೇ ಬಾಳುತ್ತ, ಕನ್ನಡಿಗರ ಬಾಯಿಂದ ಕೇಳಿದ ಮಾತಿನಲ್ಲಿ ಸತ್ಯವೇದವನ್ನು ಭಾಷಾಂತರಿಸುತ್ತಿದ್ದರು. ಮುಂದೆ ನಮ್ಮ ಸಭೆಗಳಲ್ಲಿ ನೆಲೆನಿಂತದ್ದು ಬಳ್ಳಾರಿಯ ಆ ಭಾಷಾಂತರವೂ ಅದರ ಪರಿಷ್ಕರಣಗಳೂ. ಶ್ರೀರಾಂಪುರದ ಕನ್ನಡ ಗ್ರಂಥ ಇಂದು ಪುಸ್ತಕ ಭಂಡಾರಗಳಲ್ಲಿ ನೋಡಬೇಕಾದ ವಸ್ತು. ಒಂದು ಸಲ ಬರೆದದ್ದನ್ನು ಬೆಂಕಿ ತಿಂದಿತು. ಎರಡನೆಯ ಸಲ ಬರೆದದ್ದನ್ನು ಕಾಲ ಪಕ್ಕಕ್ಕಿಟ್ಟಿತು. ಲೋಕದ ಲೆಕ್ಕದಲ್ಲಿ ಇದು ವ್ಯರ್ಥ ಶ್ರಮವೆಂದೇ ಕಾಣಬಹುದು.

ನಮಗೆ ಹಾಗೆ ಕಾಣುವುದಿಲ್ಲ. ಕೇರಿಯವರು 1834ರ ಜೂನ್ 9ರಂದು ಶ್ರೀರಾಂಪುರದಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಮೊದಲ ಬೋಧಕರು ಮಂಗಳೂರಿನಲ್ಲಿ ಕಾಲಿಟ್ಟರು. ಅಲ್ಲಿಂದಲೇ 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಒಬ್ಬರು ಇಟ್ಟ ಕೆಲಸವನ್ನು ಮತ್ತೊಬ್ಬರು, ಮತ್ತೊಂದು ಊರಿನಲ್ಲಿ, ಮೊದಲಿನವರ ಮುಖವನ್ನೂ ಕಾಣದೆ ಎತ್ತಿಕೊಂಡರು. ಬಿತ್ತುವವನೇ ಕೊಯ್ಯಬೇಕೆಂಬ ಕರಾರು ದೇವರ ಹೊಲದಲ್ಲಿಲ್ಲ. ಇಲ್ಲಿ ಪ್ರತಿಯೊಬ್ಬ ತಾಯಿಯೂ ತಂದೆಯೂ ಮಾಡುತ್ತಿರುವುದು ಇದನ್ನೇ ಅಲ್ಲವೆ? ಮಕ್ಕಳು ಬಂಗಾಳಿ ಗೆಳೆಯರೊಡನೆ ಬಂಗಾಳಿಯಲ್ಲಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಬೆಳೆಯುತ್ತಿರುವಾಗ, ರಾತ್ರಿ ಊಟದ ಹೊತ್ತಿಗೆ ಅವರಿಗೆ ನಾಲ್ಕು ಕನ್ನಡದ ಮಾತು, ಒಂದು ಪ್ರಾರ್ಥನೆ ಕಲಿಸುತ್ತೇವೆ. ಅದು ಅವರಲ್ಲಿ ಉಳಿಯುವುದೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಕಲಿಸುತ್ತೇವೆ.

ನಂಬಿಕೆ ನಮ್ಮ ಸಭೆಯ ಗೋಡೆಗಳ ಒಳಗೆ ಮಾತ್ರ ಇದೆಯೆಂದು ಹೇಳುವ ಧೈರ್ಯ ಬಾರಾನಗರದಲ್ಲಿರುವ ಯಾವ ಕ್ರೈಸ್ತನಿಗೂ ಬರಲಾರದು. 1886ರ ಆಗಸ್ಟಿನಲ್ಲಿ ರಾಮಕೃಷ್ಣ ಪರಮಹಂಸರು ಪಕ್ಕದ ಕಾಶೀಪುರದಲ್ಲಿ ದೇಹ ಬಿಟ್ಟ ಮೇಲೆ, ಅವರ ಶಿಷ್ಯರಾದ ತರುಣರು ಇದೇ ಬಾರಾನಗರದ ಒಂದು ಹಾಳುಮನೆಯಲ್ಲಿ ಸೇರಿದರು. ನಾಳೆಯ ಅಕ್ಕಿಗೆ ದಿಕ್ಕಿರಲಿಲ್ಲ. ಕೆಲವು ದಿನ ಅನ್ನಕ್ಕೆ ಬೇಯಿಸಿದ ತೊಂಡೆಯ ಎಲೆಯೇ ವ್ಯಂಜನ. ಕುವೆಂಪುರವರ ಗ್ರಂಥವನ್ನು ಓದಿರುವ ನಮ್ಮ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಆಂಟಪುರದ ಹಳ್ಳಿಗೆ ಹೋಗಿದ್ದಾಗ, ಒಂದು ರಾತ್ರಿ ಧುನಿಯ ಸುತ್ತ ಕುಳಿತು ನರೇಂದ್ರನಾಥರು, ಅಂದರೆ ಮುಂದಿನ ವಿವೇಕಾನಂದರು, ಯೇಸುಸ್ವಾಮಿಯವರ ಚರಿತ್ರೆಯನ್ನು ಹೇಳಿದರು. ತಲೆಯಿಡಲು ಸ್ಥಳವಿಲ್ಲದ ಆ ಗುರುವಿನಂತೆ ತಾವೂ ಸನ್ಯಾಸಿಗಳಾಗಬೇಕೆಂದು ಅವರೆಲ್ಲ ಸಂಕಲ್ಪ ಮಾಡಿದರು. ಅದು ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯೆಂಬುದು ಅವರಿಗೆ ಆಮೇಲೆ ತಿಳಿಯಿತಂತೆ. ಥಾಮಸ್ ಎ ಕೆಂಪಿಸರ ಕ್ರಿಸ್ತಾನುಸರಣದ ಗ್ರಂಥವನ್ನು ನರೇಂದ್ರರು ಬಂಗಾಳಿಗೆ ತರ್ಜುಮೆ ಮಾಡತೊಡಗಿದ್ದೂ ಮಠವು ಬಾರಾನಗರದಲ್ಲಿದ್ದ ಆ ವರ್ಷಗಳಲ್ಲಿಯೇ. ಕುಠಿಘಾಟಿನಲ್ಲಿ ನಿಂತು ಎದುರು ದಡದ ಬೇಲೂರು ಮಠವನ್ನು ನೋಡುವಾಗ ನಮಗೆ ಈ ನೆನಪು ಬಾರದೆ ಇರುವುದಿಲ್ಲ.

ದೊಡ್ಡವರ ಮಾತು ಸಾಕು, ನಮ್ಮಂಥವರು ಮಾಡಬೇಕಾದದ್ದೇನೆಂದು ವಾಚಕರು ಕೇಳಿಯಾರು. 2020ನೆಯ ವರ್ಷವನ್ನು ಯಾರೂ ಮರೆತಿರಲಾರರು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಊರಿಗೆ ಹೋಗುವ ರೈಲು ನಿಂತಿತು. ಸಭೆಯ ಆರಾಧನೆಯೂ ನಿಂತಿತು. ಅದು ಸಾಲದೆಂಬಂತೆ ಮೇ 20ರ ರಾತ್ರಿ ಅಂಫಾನ್ ಚಂಡಮಾರುತ ಬಂದು ಮರಗಳನ್ನು ಬೇರುಸಹಿತ ಕಿತ್ತು, ದೀಪ ನೀರುಗಳನ್ನು ಕಸಿದುಕೊಂಡಿತು. ಊರಿನಲ್ಲಿ ಹೆತ್ತವರು ತೀರಿಕೊಂಡರೂ ಹೋಗಲಾಗದೆ, ಫೋನಿನ ಪರದೆಯಲ್ಲಿ ಮಣ್ಣು ಹಾಕುವುದನ್ನು ನೋಡಿದವರು ನಮ್ಮ ದೇಶದಲ್ಲಿ ಅಸಂಖ್ಯಾತರು. ಅಂಥವರಿಗೆ ‘ಎಲ್ಲವೂ ಒಳ್ಳೆಯದಕ್ಕೇ’ ಎಂದು ಹೇಳುವುದಕ್ಕೆ ನಮ್ಮ ನಾಲಿಗೆ ಏಳುವುದಿಲ್ಲ. ಆದರೆ ಆ ದಿನಗಳಲ್ಲಿ ಪಕ್ಕದ ಮನೆಯವರು ಬಾಗಿಲ ಹೊರಗೆ ಅನ್ನದ ಡಬ್ಬಿ ಇಟ್ಟುಹೋದದ್ದೂ ನಿಜ. ಒಂದು ಕೊಡ ನೀರನ್ನು ನಾಲ್ಕು ಮನೆಯವರು ಹಂಚಿಕೊಂಡದ್ದೂ ನಿಜ. ದೇವರಿದ್ದಾನೆಂಬ ಮಾತು ಬಹಳ ಸಲ ನೆರೆಯವರ ಕೈಗಳ ಮೂಲಕವೇ ನಿಜವಾಗುತ್ತದೆ.

ಆದುದರಿಂದ ನಮ್ಮ ಸಲಹೆ ಸರಳವಾದದ್ದು. ಪ್ರಾರ್ಥಿಸುವಾಗ ಬೇಕಾದದ್ದನ್ನು ಸಂಕೋಚವಿಲ್ಲದೆ ಬೇಡಿರಿ. ಬೇಡಿದ್ದು ಸಿಕ್ಕದಿದ್ದರೆ ಆ ದುಃಖವನ್ನೂ ಅವನ ಮುಂದೆಯೇ ಹೇಳಿರಿ. ಯೋಬನು ಹೇಳಲಿಲ್ಲವೆ? ದೇವರು ಅವನನ್ನು ಕೈಬಿಡಲಿಲ್ಲ. ವಿಮೆ ಮಾಡಿಸುವುದು, ನಾಲ್ಕು ಕಾಸು ಕೂಡಿಡುವುದು, ಕಾಗದಪತ್ರಗಳಿಗೆ ನಕಲು ಮಾಡಿಟ್ಟುಕೊಂಡು ಎಲ್ಲಿವೆಯೆಂದು ಮನೆಯವರಿಗೆ ತಿಳಿಸಿಡುವುದು, ಇವು ಅಪನಂಬಿಕೆಯ ಗುರುತುಗಳಲ್ಲ. ಬಾಗಿಲು ಕಿಟಕಿ ಮುಚ್ಚಿಸಿದ ವಾರ್ಡರ ಬುದ್ಧಿವಂತಿಕೆಯ ಜಾತಿಗೇ ಸೇರಿದವು. ಒಳ್ಳೆಯ ಮನಸ್ಸಿನಿಂದಲೇ ಕಿಟಕಿ ತೆರೆದು ಕೇಡು ತಂದವರು ಮನೆಯಲ್ಲಿದ್ದರೆ ಅವರನ್ನು ಕ್ಷಮಿಸಿರಿ. ಹೊಸದಾಗಿ ಬಂದ ಕನ್ನಡ ಸಂಸಾರದ ವಿಳಾಸ ತಿಳಿದರೆ ಭಾನುವಾರ ಒಮ್ಮೆ ಹೋಗಿ ಬನ್ನಿ. ಅವರಿಗೆ ಆಗ ಬೇಕಾಗಿರುವುದು ಉಪದೇಶವಲ್ಲ, ಒಳ್ಳೆಯ ಅಕ್ಕಿ ಎಲ್ಲಿ ಸಿಕ್ಕುವುದು, ಯಾವ ವೈದ್ಯರು ಸಾವಧಾನವಾಗಿ ಕೇಳುವರು ಎಂಬ ತಿಳಿವಳಿಕೆ.

ಶ್ರೀರಾಂಪುರ ನಮಗೆ ದೂರವಲ್ಲ. ಹೊಳೆ ದಾಟಿ ಬಾಲಿಯಲ್ಲಿ ಲೋಕಲ್ ಗಾಡಿ ಹತ್ತಿದರೆ, ಉತ್ತರಪಾಡಾ, ಕೊನ್ನಗರ, ರಿಷಡಾ ದಾಟಿ ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿಗೆ ತಲುಪಬಹುದು. 1818ರಲ್ಲಿ ಸ್ಥಾಪಿತವಾದ ಕಾಲೇಜು ನದಿಯ ದಡದಲ್ಲಿ ಇಂದಿಗೂ ಪಾಠ ಹೇಳುತ್ತಿದೆ. ಕೇರಿಯವರ ಸಮಾಧಿಯೂ ಅದೇ ಊರಿನಲ್ಲಿದೆ. ಮಕ್ಕಳಿಗೆ ರಜೆ ಇರುವ ಒಂದು ದಿನ ಬುತ್ತಿ ಕಟ್ಟಿಕೊಂಡು ಹೋಗಿಬನ್ನಿರಿ. ಇಲ್ಲಿ ಒಬ್ಬರು ನಮ್ಮ ಭಾಷೆಗಾಗಿ ಒಂದೇ ಪುಸ್ತಕವನ್ನು ಎರಡು ಸಲ ಬರೆದರೆಂದು ಅವರಿಗೆ ಹೇಳಿರಿ.

ಮುಂದಿನ ಸಂಚಿಕೆ ಕೈಸೇರುವುದರೊಳಗೆ ನಮ್ಮ ನಿಮ್ಮ ಮನೆಗಳಲ್ಲಿ ಏನೇನು ನಡೆಯುವುದೋ ನಮಗೆ ತಿಳಿಯದು. ಸಂತೋಷ ಬಂದರೆ ಹಂಚಿಕೊಳ್ಳುವ ಮನಸ್ಸನ್ನೂ, ದುಃಖ ಬಂದರೆ ಹೊರುವ ಬಲವನ್ನೂ, ಎರಡರಲ್ಲಿಯೂ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ನೆರೆಯವರನ್ನೂ ಕರ್ತನು ಎಲ್ಲರಿಗೂ ದಯಪಾಲಿಸಲಿ.